ಹಿಡಿದ ಪಿಸ್ಟನ್ ಬಿಡಿಸುವುದು ಹೇಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೆಲವು ಮನೆಗಳಲ್ಲಿ ಇಂದಿಗೂ ಹಳೆಯ ಯೆಜ್ಡಿ ಬೈಕು ಉಂಟು. ಒಂದು ಕಾಲದಲ್ಲಿ ಅಡಿಕೆ ಗೋಣಿ ಪೇಟೆಗೆ ಹೋದದ್ದು ಅದರಲ್ಲೇ. ಮಣ್ಣಿನ ದಾರಿಯಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಈಗ ಅದು ಹಟ್ಟಿಯ ಮೂಲೆಯಲ್ಲಿ ನಿಂತಿದೆ. ಕಿಕ್ಕರ್ ತುಳಿದರೆ ಕೆಳಗೆ ಇಳಿಯುವುದಿಲ್ಲ.

“ಗುಜರಿಗೆ ಹಾಕಿ ಮಾರಾಯ್ರೆ” ಅನ್ನುತ್ತಾರೆ ಕೆಲವರು. “ಸುತ್ತಿಗೆ ತನ್ನಿ, ಒಂದು ಪೆಟ್ಟು ಹಾಕುವ” ಅನ್ನುತ್ತಾರೆ ಇನ್ನು ಕೆಲವರು. ಎರಡೂ ಬೇಡ. ಸ್ವಲ್ಪ ತಾಳ್ಮೆ ಸಾಕು.

ಈ ಬೈಕು ನಮ್ಮ ಮೈಸೂರಿನದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ತೊಡಗಿತು. 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು. ಆದರೆ ಅವುಗಳ ಎಂಜಿನ್ನೇ ಬೇರೆ. ಅದರ ಭಾಗ ಇದಕ್ಕೆ ಕೂರುವುದಿಲ್ಲ. ಆದ್ದರಿಂದ ಹಳೆಯ ಭಾಗ ಒಡೆದರೆ ಕಷ್ಟ.

ಎಂಜಿನ್ ಯಾಕೆ ಹಿಡಿಯುತ್ತದೆ?

ಸಿಲಿಂಡರ್ ಎಂದರೆ ಒಂದು ಕೊಳವೆ. ಅದರೊಳಗೆ ಮೇಲೆ ಕೆಳಗೆ ಓಡುವುದು ಪಿಸ್ಟನ್. ಎರಡರ ನಡುವೆ ಎಣ್ಣೆಯ ತೆಳುವಾದ ಪದರ ಇರಬೇಕು. ಯೆಜ್ಡಿಯಲ್ಲಿ ಈ ಎಣ್ಣೆ ಪೆಟ್ರೋಲಿನ ಜೊತೆಗೇ ಬರುತ್ತದೆ. ಎಣ್ಣೆ ಕಡಿಮೆಯಾದರೆ ಬಿಸಿ ಏರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಕಬ್ಬಿಣದ ಸಿಲಿಂಡರನ್ನು ಕಚ್ಚುತ್ತದೆ.

ಓಡಿಸದೆ ಇಟ್ಟರೂ ಹಿಡಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯೇ ಮಳೆ. ಗಾಳಿಯ ತೇವಕ್ಕೆ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ.

ಮೊದಲು ಪರೀಕ್ಷೆ

ಬೈಕನ್ನು ನ್ಯೂಟ್ರಲ್‌ಗೆ ಹಾಕಿ ದೂಡಿ. ಚಕ್ರ ತಿರುಗುತ್ತದೆಯೇ? ಈಗ ಸ್ಪಾರ್ಕ್ ಪ್ಲಗ್ ಬಿಚ್ಚಿ. ನಾಲ್ಕನೇ ಗಿಯರ್ ಹಾಕಿ ದೂಡಿ. ಚಕ್ರ ತಿರುಗದೆ ನಿಂತರೆ ಎಂಜಿನ್ ಹಿಡಿದಿದೆ ಎಂದು ತಿಳಿಯಿರಿ. ಕಿಕ್ಕರ್ ಮೇಲೆ ಹಾರಿ ತುಳಿಯಬೇಡಿ. ಒಳಗಿನ ಹಲ್ಲು ಮುರಿದೀತು.

ಬಿಡಿಸುವ ಕ್ರಮ

1. ಬೈಕನ್ನು ಬಯಲಿಗೆ ತನ್ನಿ. ಪೆಟ್ರೋಲ್ ಪೂರ್ತಿ ಇಳಿಸಿ ದೂರ ಇಡಿ. ಬ್ಯಾಟರಿ ವಯರ್ ಬಿಚ್ಚಿ. ಹತ್ತಿರ ಬೀಡಿ, ಬೆಂಕಿ ಬೇಡ.

2. ಚಿಮಿಣಿ ಎಣ್ಣೆ ಅರ್ಧ, ಎಂಜಿನ್ ಆಯಿಲ್ ಅರ್ಧ ಬೆರೆಸಿ. ಪ್ಲಗ್ಗಿನ ತೂತಿನಿಂದ ಸ್ವಲ್ಪ ಹೊಯ್ಯಿರಿ. ಎರಡು ಮೂರು ದಿನ ಬಿಡಿ. ದಿನಾ ಸ್ವಲ್ಪ ಸೇರಿಸಿ. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ಕಾಯುವುದಿಲ್ಲವೇ? ಇದೂ ಹಾಗೆ.

3. ಆಮೇಲೆ ನಾಲ್ಕನೇ ಗಿಯರ್‌ನಲ್ಲಿ ಬೈಕನ್ನು ಹಿಂದೆ ಮುಂದೆ ಮೆಲ್ಲ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಒಳ್ಳೆಯ ಲಕ್ಷಣ.

4. ಕದಲದಿದ್ದರೆ ಬಿಸಿನೀರು ಬೇಕು. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಹೇಗೆ ಬಿಡಿಸುತ್ತೀರಿ? ಹೊರಗಿನ ಲೋಟವನ್ನು ಬಿಸಿನೀರಿನಲ್ಲಿ ಇಡುತ್ತೀರಿ. ಹೊರಗಿನದು ಮೊದಲು ಹಿಗ್ಗಿ ಬಿಟ್ಟುಕೊಡುತ್ತದೆ. ಹಾಗೆಯೇ ಸಿಲಿಂಡರಿಗೆ ಬಟ್ಟೆ ಸುತ್ತಿ, ಬಿಸಿನೀರು ಮೆಲ್ಲ ಹೊಯ್ಯಿರಿ. ಪ್ಲಗ್ಗಿನ ತೂತಿಗೆ ನೀರು ಹೋಗದಂತೆ ಮುಚ್ಚಿ. ನೀರು ದೂರದ ಒಲೆಯಲ್ಲಿ ಕಾಯಲಿ. ಹೊಯ್ದ ಕೂಡಲೇ ಬೈಕನ್ನು ಅಲ್ಲಾಡಿಸಿ.

5. ಆಗಲೂ ಬಿಡದಿದ್ದರೆ ಮೇಲಿನ ಹೆಡ್ ಬಿಚ್ಚಬೇಕು. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪಿಸ್ಟನ್ ಮೇಲಿನ ತುಕ್ಕು ಒರೆಸಿ. ಕೊಳವೆ 65 ಮಿ.ಮೀ. ಅಗಲ. ಅದಕ್ಕಿಂತ ತುಸು ಸಪೂರದ ಮರದ ತುಂಡು ಪಿಸ್ಟನ್ ಮೇಲಿಟ್ಟು ಹಗುರವಾಗಿ ತಟ್ಟಿ. ಕಬ್ಬಿಣದಿಂದ ಹೊಡೆದರೆ ಪಿಸ್ಟನ್ ಒಡೆಯುತ್ತದೆ, ಕೆಳಗಿನ ಬೇರಿಂಗ್ ಕೆಡುತ್ತದೆ. ಸಿಲಿಂಡರಿನ ರೆಕ್ಕೆಗಳಿಗೂ ಹೊಡೆಯಬೇಡಿ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ.

ಬಿಟ್ಟ ಮೇಲೆ?

ಪಿಸ್ಟನ್ ಬಿಟ್ಟಿತು ಎಂದು ಕೂಡಲೇ ಬೈಕು ಓಡಿಸಬೇಡಿ. ತುಕ್ಕಿನ ಪುಡಿ ಕೆಳಗೆ ಇಳಿದಿರುತ್ತದೆ. ಅದು ಬೇರಿಂಗನ್ನು ತಿನ್ನುತ್ತದೆ. ಸಿಲಿಂಡರ್ ಕಳಚಿ ಎಲ್ಲ ತೊಳೆಯಬೇಕು. ಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರು ಉಂಟಾ ನೋಡಿ. ಇದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಮತ್ತು ಹೊಸ ರಿಂಗು ಹಾಕಿಸಿ. ಈ ಕೆಲಸಕ್ಕೆ ತಿಳಿದ ಮೆಕ್ಯಾನಿಕ್ಕೇ ಬೇಕು.

ಮತ್ತೆ ಹಿಡಿಯದಿರಲು

ಪೆಟ್ರೋಲಿಗೆ ಎಷ್ಟು ಎಣ್ಣೆ? ಕಣ್ಣಳತೆ ಬೇಡ. ಬೈಕಿನ ಪುಸ್ತಕ ಓದಿ. ಅದರಲ್ಲಿ 25:1 ಎಂದಿದ್ದರೆ, 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಎಂದರ್ಥ. ಅಂದರೆ 1 ಲೀಟರಿಗೆ 40 ಮಿ.ಲೀ. ತೋಟದ ಹುಲ್ಲು ಕತ್ತರಿಸುವ ಮೆಷಿನು ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವಂಥದಾದರೆ, ಅದರ ಮೇಲೂ ಇಂಥ ಲೆಕ್ಕ ಬರೆದಿರುತ್ತದೆ. ಓದಿ, ಅಳೆದು ಹಾಕಿ.

ಮಳೆಗಾಲದಲ್ಲಿ ಬೈಕು ನಿಲ್ಲಿಸುವುದಾದರೆ ಪ್ಲಗ್ಗಿನ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಪ್ಲಗ್ ಮತ್ತೆ ಕೂರಿಸಿ. ವಾರಕ್ಕೊಮ್ಮೆ ಕಿಕ್ಕರ್ ಮೆಲ್ಲ ತುಳಿಯಿರಿ. ಒಂದು ಚಮಚ ಎಣ್ಣೆಯಿಂದ ಒಂದು ಎಂಜಿನ್ ಉಳಿಯುತ್ತದೆ.