ಎಣಿಕೆಯ ಹಿಂದಿನ ರಾತ್ರಿ ಮತ್ತು ನಮ್ಮ ಮತ

ಮತ ಎಣಿಕೆಯ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ದೀಪ ಬೇಗ ಆರುವುದಿಲ್ಲ. ಇಶಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬಂದವರು ಗೇಟಿನ ಹತ್ತಿರವೇ ಗುಂಪಾಗಿ ನಿಲ್ಲುತ್ತಾರೆ. ಗಲ್ಫ್‌ನಲ್ಲಿರುವ ಮಗ ಫೋನ್ ಮಾಡಿ, "ಉಮ್ಮಾ, ಅಲ್ಲಿ ಏನಂತಾರೆ? ಯಾರು ಬರ್ತಾರಂತೆ?" ಎಂದು ಕೇಳುತ್ತಾನೆ. 2024ರ ಜೂನ್ 3ರ ರಾತ್ರಿಯೂ ಹಾಗೆಯೇ ಇತ್ತು. ಶಿರಾಡಿ ಘಾಟಿ ಹತ್ತಿ ವ್ಯಾಪಾರಕ್ಕೆಂದು ಬಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಆ ರಾತ್ರಿ ಬಹಳ ಉದ್ದವಾಗಿತ್ತು.

ಈ ಆತಂಕವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಕಾರಣಗಳಿದ್ದವು. ಆದರೆ ಭಯಪಟ್ಟು ಕುಳಿತರೆ ಒಂದು ಮತವೂ ಹೆಚ್ಚಾಗುವುದಿಲ್ಲ. ಹಾಗಾದರೆ ಆ ರಾತ್ರಿಯ ನಂತರ ನಮ್ಮ ಜಿಲ್ಲೆಯಲ್ಲಿ ಏನಾಯ್ತು, ಅದರಿಂದ ನಾವು ಕಲಿಯಬೇಕಾದದ್ದು ಏನು ಎಂದು ಸ್ವಲ್ಪ ಸಮಾಧಾನವಾಗಿ ನೋಡೋಣ.

ಯಾಕೆ ಅಷ್ಟು ಆತಂಕ?

ಮೊದಲನೆಯದು ಮೀಸಲಾತಿ. 1995ರಲ್ಲಿ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4 ಮೀಸಲಾತಿ ಜಾರಿಯಾಯಿತು. ಪಿಯುಸಿ ಮುಗಿಸಿದ ನಮ್ಮ ಹೆಣ್ಣುಮಗಳು ವೃತ್ತಿಶಿಕ್ಷಣದ ಸೀಟಿಗೆ ಅರ್ಜಿ ಹಾಕುವಾಗ ಜಾತಿ ಪ್ರಮಾಣಪತ್ರದಲ್ಲಿ '2ಬಿ' ಎಂದು ಇರುವುದು ಇದೇ. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಸ್ವಲ್ಪವೇ ಮೊದಲು, ಬಸವರಾಜ ಬೊಮ್ಮಾಯಿ ಸರ್ಕಾರ ಆ ಶೇ. 4ನ್ನು ತೆಗೆದು ಒಕ್ಕಲಿಗ ಮತ್ತು ಲಿಂಗಾಯತ ಸಮುದಾಯಗಳಿಗೆ ಹಂಚಲು ತೀರ್ಮಾನಿಸಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಸದ್ಯಕ್ಕೆ ಆದೇಶ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಅಲ್ಲಿ ಹೇಳಬೇಕಾಯಿತು. ಒಂದು ವರ್ಷದ ಬಳಿಕ, ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಪ್ರಧಾನಿಯವರೇ ಕರ್ನಾಟಕದ ಮುಸ್ಲಿಂ ಮೀಸಲಾತಿಯ ವಿಷಯ ಎತ್ತಿ ಟೀಕಿಸಿದರು. ಮಕ್ಕಳ ಓದಿನ ಪ್ರಶ್ನೆ ಚುನಾವಣಾ ಭಾಷಣದ ವಿಷಯವಾದಾಗ ತಾಯಂದಿರಿಗೆ ನಿದ್ದೆ ಹೇಗೆ ಬಂದೀತು?

ಎರಡನೆಯದು ನಮ್ಮ ಜಿಲ್ಲೆಯದ್ದೇ ಗೊಂದಲ. ಇಲ್ಲಿ ಎಷ್ಟೋ ಮುಸ್ಲಿಂ ಮನೆಗಳವರು ತಲೆಮಾರಿನಿಂದ ಜೆಡಿಎಸ್‌ಗೆ ಮತ ಹಾಕಿದವರು. 2ಬಿ ಕೊಟ್ಟ ದೇವೇಗೌಡರು ನಮ್ಮ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯವರು ಎಂಬ ಅಭಿಮಾನವೂ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಆ ಪಕ್ಷ ಬಿಜೆಪಿಯ ಜೊತೆ ಮೈತ್ರಿ ಮಾಡಿಕೊಂಡಿತು. ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹೀಂ ಅವರು ಮರು ತಿಂಗಳೇ ಸ್ಥಾನ ಕಳೆದುಕೊಂಡರು. ಹಳೆಯ ಪರಿಚಯ ಒಂದು ಕಡೆ, ಹೊಸ ಪರಿಸ್ಥಿತಿ ಇನ್ನೊಂದು ಕಡೆ. ಒಂದೇ ಮನೆಯಲ್ಲಿ ಬಾಪನದ್ದು ಒಂದು ಅಭಿಪ್ರಾಯ, ಮಗನದ್ದು ಇನ್ನೊಂದು ಆಯ್ತು.

ಮೂರನೆಯದು ಸಮೀಕ್ಷೆಗಳು. ಜೂನ್ 1ರ ಸಂಜೆ ಟಿವಿಯಲ್ಲಿ ಬಂದ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಮೇಲೆ, ಕೆಲವು 400ರವರೆಗೂ ಸ್ಥಾನ ಕೊಟ್ಟಿದ್ದವು. ಅದನ್ನೇ ಫಲಿತಾಂಶ ಎಂದು ನಂಬಿ ಎರಡು ದಿನ ಊಟ ಬಿಟ್ಟು ಕೂತವರೂ ಇದ್ದರು.

ಬೆಳಗಾದಾಗ

ಜೂನ್ 4ರಂದು ಹಾಸನದಲ್ಲಿ ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ ಗೆದ್ದರು. ಆಗ ಸಂಸದರಾಗಿದ್ದ ಜೆಡಿಎಸ್‌ನ ಪ್ರಜ್ವಲ್ ರೇವಣ್ಣ 42,649 ಮತಗಳಿಂದ ಸೋತರು. 2019ರಲ್ಲಿ ಇದೇ ಪ್ರಜ್ವಲ್ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. ದೇಶದಲ್ಲಿ ಎನ್‌ಡಿಎಗೆ 293 ಸ್ಥಾನ ಬಂತು. ಸರ್ಕಾರ ಅವರದ್ದೇ ಆಯಿತು, ಆದರೆ ಬಿಜೆಪಿ 240ಕ್ಕೆ ನಿಂತಿತು, ಮಿತ್ರಪಕ್ಷಗಳ ಕೈ ಹಿಡಿಯಬೇಕಾಯಿತು. ಕರ್ನಾಟಕದಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಹೆಚ್ಚಿನ ಸಮೀಕ್ಷೆಗಳು ಸುಳ್ಳಾದವು.

ಹಾಸನದ ಹಿರಿಯರಿಗೆ ಇದು ಹೊಸ ಕಥೆಯಲ್ಲ. 1989ರ ವಿಧಾನಸಭಾ ಚುನಾವಣೆಯಲ್ಲಿ ಹೊಳೆನರಸೀಪುರದಲ್ಲಿ ದೇವೇಗೌಡರನ್ನು ಸೋಲಿಸಿದ್ದು ಜಿ. ಪುಟ್ಟಸ್ವಾಮಿಗೌಡರು. 1996ರಲ್ಲಿ ದೇವೇಗೌಡರು ಪ್ರಧಾನಿಯಾದರು. ದೇಶದ ಅತಿ ದೊಡ್ಡ ಕುರ್ಚಿಯಲ್ಲಿ ಕೂತು ಬಂದವರನ್ನೇ 1999ರಲ್ಲಿ ಹಾಸನದ ಮತದಾರರು ಲೋಕಸಭೆಗೆ ಕಳಿಸಲಿಲ್ಲ. ಆಗ ಗೆದ್ದದ್ದೂ ಅದೇ ಪುಟ್ಟಸ್ವಾಮಿಗೌಡರು. ಮುಂದಿನ ಚುನಾವಣೆ, 2004ರಲ್ಲಿ, ದೇವೇಗೌಡರನ್ನು ಮತ್ತೆ ಆರಿಸಿದ್ದೂ ಇದೇ ಮತದಾರರು. 25 ವರ್ಷಗಳ ನಂತರ ಅಜ್ಜಂದಿರ ಸ್ಪರ್ಧೆ ಮೊಮ್ಮಕ್ಕಳಿಗೆ ಬಂತು. ಶ್ರೇಯಸ್ ಪಟೇಲ್ ಪುಟ್ಟಸ್ವಾಮಿಗೌಡರ ಮೊಮ್ಮಗ, ಪ್ರಜ್ವಲ್ ದೇವೇಗೌಡರ ಮೊಮ್ಮಗ.

ಇನ್ನೊಂದು ಲೆಕ್ಕ ನೋಡಿ. 2023ರ ಮೇ ತಿಂಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಮತ್ತು ಚನ್ನರಾಯಪಟ್ಟಣ ಸೇರಿರುವ ಶ್ರವಣಬೆಳಗೊಳ, ಈ ನಾಲ್ಕೂ ಕ್ಷೇತ್ರಗಳು ಜೆಡಿಎಸ್ ಶಾಸಕರನ್ನು ಆರಿಸಿದ್ದವು. ಸುಮಾರು ಒಂದು ವರ್ಷದಲ್ಲಿ ಲೋಕಸಭೆಗೆ ಬೇರೆ ತೀರ್ಪು ಬಂತು. ಕೋಟೆ, ಭದ್ರಕೋಟೆ ಎಂದು ಟಿವಿಯವರು ಹೇಳುತ್ತಾರೆ. ಮತಪೆಟ್ಟಿಗೆಗೆ ಕೋಟೆ ಗೊತ್ತಿಲ್ಲ. ಕೊಟ್ಟ ಕೈಯೇ ತೆಗೆದುಕೊಳ್ಳುತ್ತದೆ, ತೆಗೆದ ಕೈಯೇ ಮತ್ತೆ ಕೊಡುತ್ತದೆ. ಗೆದ್ದವನಿಗೆ ಈ ಭಯ ಇರಬೇಕು. ಅವನಿಗೆ ಆ ಭಯ ಇರುವವರೆಗೆ ನಮಗೆ ಅಷ್ಟು ಭಯ ಬೇಕಿಲ್ಲ.

ಸೋತವರು ಏನು ಮಾಡುತ್ತಾರೆ?

ಪ್ರಜಾಪ್ರಭುತ್ವದ ಆರೋಗ್ಯ ತಿಳಿಯಬೇಕಾದರೆ ಗೆದ್ದವರ ಮೆರವಣಿಗೆ ನೋಡಿದರೆ ಸಾಲದು, ಸೋತವರ ಮನೆಯ ಕಡೆಗೂ ನೋಡಬೇಕು. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಅಧ್ಯಕ್ಷರ ಚುನಾವಣೆ ಕೊನೆಗೆ ಫ್ಲೋರಿಡಾ ರಾಜ್ಯದ 537 ಮತಗಳಿಗೆ ಬಂದು ನಿಂತಿತ್ತು. ಮರು ಎಣಿಕೆ ನಿಲ್ಲಿಸಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅದು ತನಗೆ ಒಪ್ಪಿಗೆಯಿಲ್ಲ ಎಂದು ಹೇಳಿಯೂ ಅಲ್ ಗೋರ್ ಸೋಲನ್ನು ಸ್ವೀಕರಿಸಿದರು. ಅದೇ ದೇಶದಲ್ಲಿ 2020ರಲ್ಲಿ ಡೊನಾಲ್ಡ್ ಟ್ರಂಪ್ ಸೋಲನ್ನು ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. 2024ರ ನವೆಂಬರ್‌ನಲ್ಲಿ ಅದೇ ಟ್ರಂಪ್ ಮತ್ತೆ ಗೆದ್ದರು. ಸೋತ ಕಮಲಾ ಹ್ಯಾರಿಸ್ ಮರುದಿನವೇ ಸೋಲು ಒಪ್ಪಿಕೊಂಡರು. ಇನ್ನೂರು ವರ್ಷಕ್ಕೂ ಹಳೆಯ ಆ ವ್ಯವಸ್ಥೆ ಒಬ್ಬನು 'ನಾನು ಸೋತಿಲ್ಲ' ಎಂದಾಗ ಅಲುಗಾಡಿತು, ಇನ್ನೊಬ್ಬರು 'ಸೋತೆ' ಎಂದಾಗ ಮುಂದೆ ನಡೆಯಿತು.

ನಮ್ಮಲ್ಲಿಯೂ ಉದಾಹರಣೆಗಳಿವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಮತದಿಂದ. ಆರ್. ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿಯವರಿಗೆ 40,751. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಶಾಸಕರಾದರು. ಶ್ರೇಯಸ್ ಪಟೇಲ್ ಕೂಡ 2023ರಲ್ಲಿ ಹೊಳೆನರಸೀಪುರದಲ್ಲಿ ಎಚ್.ಡಿ. ರೇವಣ್ಣ ಅವರೆದುರು 3,152 ಮತಗಳಿಂದ ಸೋತವರೇ. ಮರುವರ್ಷ ಮತ್ತೆ ಜನರ ಮುಂದೆ ನಿಂತರು. ಚುನಾವಣೆ ಕಿಯಾಮತ್ ದಿನ ಅಲ್ಲ, ಅದಕ್ಕೆ ಇನ್ನೊಂದು ದಿನ ಇದೆ.

ಮತಪೆಟ್ಟಿಗೆಗೆ ಆಗದ ಕೆಲಸ

ಫಲಿತಾಂಶವೇ ಎಲ್ಲವನ್ನೂ ಸರಿಮಾಡುತ್ತದೆ ಎಂಬುದೂ ತಪ್ಪು. ಪ್ರಜ್ವಲ್ ರೇವಣ್ಣ ಮೇಲಿನ ದೌರ್ಜನ್ಯದ ಆರೋಪಗಳು ಹೊರಬಂದಾಗ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಮುಖ ಮುಚ್ಚಿಕೊಂಡು ಬದುಕುವ ಸ್ಥಿತಿ ಬಂತು. ಆ ವಿಡಿಯೋಗಳನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದವರು ಆ ಹೆಣ್ಣುಮಕ್ಕಳಿಗೆ ಎರಡನೇ ಸಲ ಅನ್ಯಾಯ ಮಾಡಿದರು. ಚುನಾವಣೆ ಅವರನ್ನು ಸಂಸದ ಸ್ಥಾನದಿಂದ ಇಳಿಸಿತು, ಅಷ್ಟೇ. ನ್ಯಾಯಕ್ಕೆ ದೂರು ಕೊಡುವ ಧೈರ್ಯ, ಪೊಲೀಸರ ತನಿಖೆ, ಸಾಕ್ಷ್ಯ ಬೇಕಾಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಅತ್ಯಾಚಾರ ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟವರು ಮನೆಗೆಲಸ ಮಾಡುತ್ತಿದ್ದ ಒಬ್ಬ ಮಹಿಳೆ. ಮಾಜಿ ಪ್ರಧಾನಿಯ ಮೊಮ್ಮಗನೆದುರು ಅವರ ಮಾತಿಗೆ ನ್ಯಾಯಾಲಯದಲ್ಲಿ ತೂಕ ಬಂತು.

2ಬಿ ವಿಷಯದಲ್ಲೂ ಹಾಗೆಯೇ. ಅದನ್ನು ಮೊದಲು ತಡೆದು ನಿಲ್ಲಿಸಿದ್ದು ನ್ಯಾಯಾಲಯದ ಬಾಗಿಲು. ಮತ, ಕೋರ್ಟು, ಕಾನೂನು, ಪತ್ರಿಕೆ ಎಲ್ಲವೂ ಸೇರಿದರೆ ಮಾತ್ರ ಹಕ್ಕು ಉಳಿಯುತ್ತದೆ. ಒಂದು ರಾತ್ರಿಯ ಮೇಲೆ ಎಲ್ಲ ಭಾರ ಹಾಕಿದರೆ ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ.

ವದಂತಿಗೆ ಉತ್ತರ

ಎಣಿಕೆಯ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಓಡುವ ಮೊದಲ ಸುದ್ದಿ 'ಮಿಷನ್ ಬದಲಾಯಿಸಿದ್ದಾರೆ' ಅಂತ. ಪ್ರಶ್ನೆ ಕೇಳುವುದು ಹಕ್ಕು, ಆದರೆ ವ್ಯವಸ್ಥೆ ಏನೆಂದು ತಿಳಿದು ಕೇಳಬೇಕು. ಮತದಾನ ಮುಗಿದ ಕೂಡಲೇ ಪ್ರತಿ ಮತಗಟ್ಟೆಯಲ್ಲಿ ಎಷ್ಟು ಮತ ಬಿದ್ದಿದೆ ಎಂಬುದನ್ನು ನಮೂನೆ 17ಸಿಯಲ್ಲಿ ಬರೆದು, ಅಲ್ಲಿರುವ ಪಕ್ಷಗಳ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಯಂತ್ರದ ಲೆಕ್ಕ ಅದಕ್ಕೆ ತಾಳೆಯಾಗಬೇಕು. ಬೆಳಗ್ಗೆ 8ಕ್ಕೆ ಮೊದಲು ಅಂಚೆ ಮತಗಳನ್ನು ಎಣಿಸುತ್ತಾರೆ, ಆಮೇಲೆ ಯಂತ್ರಗಳು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದ ಎಣಿಸುತ್ತಾರೆ. ಹಾಸನ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿರುವುದರಿಂದ 40 ಮತಗಟ್ಟೆಗಳದ್ದು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ಹಾಸನದಲ್ಲಿ ಮತದಾನ ನಡೆದದ್ದೂ ಅದೇ ದಿನ. ಆದರೆ ಎರಡನೇ, ಮೂರನೇ ಸ್ಥಾನ ಪಡೆದವರು ಏಳು ದಿನದೊಳಗೆ ಅರ್ಜಿ ಕೊಟ್ಟು ಶೇ. 5 ಯಂತ್ರಗಳ ತಪಾಸಣೆ ಕೇಳಬಹುದು ಎಂದೂ ಕೋರ್ಟು ಹೇಳಿತು.

ಆದ್ದರಿಂದ 17ಸಿ ಪ್ರತಿ ಪಡೆದು ಜೋಪಾನ ಮಾಡುವ ಒಬ್ಬ ತಾಳ್ಮೆಯ ಬೂತ್ ಏಜೆಂಟ್, ರಾತ್ರಿಯಿಡೀ ಫಾರ್ವರ್ಡ್ ಮಾಡುವ ನೂರು ಮಂದಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾನೆ. ಸುದ್ದಿ ಬಂದರೆ ಮೊದಲು ವಿಚಾರಿಸಿ ನೋಡಬೇಕೆಂಬ ಆಜ್ಞೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಮದ್ರಸದ ಮಕ್ಕಳಿಗೆ ನಾವು ಕಲಿಸುವ ಈ ಪಾಠ ಮೊಬೈಲ್ ಹಿಡಿದ ದೊಡ್ಡವರಿಗೂ ಅನ್ವಯಿಸುತ್ತದೆ.

ಮೊದಲು ಒಂಟೆ ಕಟ್ಟೋಣ

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕು ಎಂಬ ಪ್ರವಾದಿಯವರ (ಸ) ಬೋಧನೆ ನಮಗೆಲ್ಲ ಗೊತ್ತು. ಎಣಿಕೆಯ ರಾತ್ರಿಯ ದುಆ ಒಳ್ಳೆಯದೇ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ನಾವು ಒಂಟೆ ಕಟ್ಟಿಲ್ಲ ಎಂದೇ ಅರ್ಥ.

18 ತುಂಬಿದ ಮಕ್ಕಳಿಗೆ ನಮೂನೆ 6 ತುಂಬಿಸಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ದಿನಾಂಕಗಳ ಲೆಕ್ಕದಲ್ಲಿ ಸೇರಿಸಬಹುದು. ಬಾಡಿಗೆ ಮನೆ ಬದಲಾಯಿಸಿದವರು, ಹೆಸರಿನ ಅಕ್ಷರ ತಪ್ಪಾದವರು ನಮೂನೆ 8 ಕೊಡಿ. ನಮ್ಮ ಹೆಸರುಗಳು ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡ್‌ನಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಇನ್ನೊಂದು ರೀತಿ ಇರುವುದು ಸಾಮಾನ್ಯ. ಪಟ್ಟಿ ಪರಿಷ್ಕರಣೆ ಬಂದಾಗ ಮೊದಲು ತೊಂದರೆಯಾಗುವುದು ಇಂಥವರಿಗೇ. ಮದುವೆಯಾಗಿ ಮಂಗಳೂರು, ಪುತ್ತೂರಿನಿಂದ ಇಲ್ಲಿಗೆ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿದೆಯೇ ನೋಡಿ. 2024ರ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು, ಮನೆಯ ಹಿರಿಯರಿಗಾಗಿ ಅದನ್ನು ವಿಚಾರಿಸಿಕೊಳ್ಳಿ. ವಿದೇಶದಲ್ಲಿರುವವರು ನಮೂನೆ 6ಎಯಲ್ಲಿ ಹೆಸರು ಸೇರಿಸಬಹುದು, ಆದರೆ ಪಾಸ್‌ಪೋರ್ಟ್ ಹಿಡಿದು ಊರಿಗೆ ಬಂದೇ ಮತ ಹಾಕಬೇಕು. ಶುಕ್ರವಾರ ಜುಮಾ ಮುಗಿದ ಮೇಲೆ ಪ್ರತಿ ಜಮಾಅತ್‌ನಲ್ಲಿ ಇಬ್ಬರು ಓದಿದ ಹುಡುಗರು, ಹೆಂಗಸರಿಗಾಗಿ ಇಬ್ಬರು ಹುಡುಗಿಯರು, ಮತದಾರರ ಪಟ್ಟಿ ಹಿಡಿದು ಕೂತರೆ ಒಂದು ತಿಂಗಳಲ್ಲಿ ಮೊಹಲ್ಲಾದ ಎಲ್ಲ ಹೆಸರು ನೋಡಿ ಮುಗಿಯುತ್ತದೆ.

ಯಾರಿಗೆ ಮತ ಎಂಬುದು ಅವರವರ ಅಮಾನತು, ಅದನ್ನು ಅರ್ಹರಿಗೆ ಒಪ್ಪಿಸುವುದು ಅವರವರ ಹೊಣೆ. ಫಲಿತಾಂಶದ ದಿನ ಗೆದ್ದರೂ ಪಟಾಕಿ, ಬೈಕ್ ರ‍್ಯಾಲಿ ಬೇಡ. ಸೋತ ಪಕ್ಷದ ನೆರೆಯವನ ಅಂಗಡಿಗೆ ಮರುದಿನ ನಾವೇ ಹೋಗಬೇಕು, ಅವನು ನಮ್ಮ ಅಂಗಡಿಗೆ ಬರಬೇಕು. ಗೆದ್ದವರ ಬಳಿಗೆ ಆರು ತಿಂಗಳಾದ ಮೇಲೆ ಹೋಗಿ, ಹಾಸ್ಟೆಲ್ ಏನಾಯ್ತು, ವಿದ್ಯಾರ್ಥಿವೇತನ ಯಾಕೆ ಬಂದಿಲ್ಲ, ನಮ್ಮ ಬೀದಿಯ ಚರಂಡಿ ಯಾವಾಗ ಎಂದು ಕೇಳಿ. ಸೋತವರನ್ನೂ ಕರೆದು ಅದನ್ನೇ ಕೇಳಿಸಿ. ಹಾಗೆ ಕೇಳುವ ಮಂದಿ ಇದ್ದಾರೆಂದು ಇಬ್ಬರಿಗೂ ಗೊತ್ತಾದರೆ, ಮುಂದಿನ ಎಣಿಕೆಯ ರಾತ್ರಿ ನಿದ್ದೆ ಬಾರದೆ ಹೊರಳಾಡಬೇಕಾದವರು ನಾವಲ್ಲ, ಅವರು.