ಕ್ಲಾರ್ನಾದ ಎಐ ಮತ್ತು ನಮ್ಮ ಎ-ಕಸ್ಸಾ

ಸ್ಟಾಕ್‌ಹೋಮ್‌ನ ಕ್ಲಾರ್ನಾ 2024ರ ಫೆಬ್ರವರಿಯಲ್ಲಿ, ತನ್ನ ಎಐ ಸಹಾಯಕ 700 ಜನರಷ್ಟು ಕೆಲಸ ಮಾಡುತ್ತಿದೆ ಎಂದು ಹೇಳಿಕೊಂಡಿತು. 2025ರಲ್ಲಿ ಸಿಇಒ ಸೆಬಾಸ್ಟಿಯನ್ ಸೀಮಿಯಾಟ್ಕೋವ್ಸ್ಕಿ ವರಸೆ ಬದಲಿಸಿದರು: ಖರ್ಚು ಉಳಿಸಲು ಹೋಗಿ ಗುಣಮಟ್ಟ ಕುಸಿಯಿತು, ಮತ್ತೆ ಜನರನ್ನು ತೆಗೆದುಕೊಳ್ಳುತ್ತೇವೆ ಎಂದರು. ಹೂಡಿಕೆದಾರರಿಗೆ ಎರಡನೆಯ ಮಾತೇ ತೂಕದ್ದು.

ಇಲ್ಲಿ ದುಡಿಯುವ ನಮ್ಮ ಚಿಂತೆ ಬೇರೆ. ಸ್ವೀಡನ್ನಿನ ಲಾಸ್ ಕಾಯ್ದೆಯಂತೆ, ಕೆಲಸ ಕಡಿತವಾದರೆ ಸಾಮಾನ್ಯವಾಗಿ ಕೊನೆಗೆ ಸೇರಿದವರೇ ಮೊದಲು ಹೊರಗೆ. ಹೋದ ವರ್ಷ ಬೆಂಗಳೂರಿನಿಂದ ಬಂದವರು ಎಲ್ಲಿ ನಿಲ್ಲುತ್ತಾರೆ ನೋಡಿ! 2022ರ ತಿದ್ದುಪಡಿಯಿಂದ ಕಂಪನಿ ಮೂವರಿಗೆ ವಿನಾಯಿತಿ ಕೊಡಬಹುದು. ಅದರಲ್ಲಿ ನಾವಿರುತ್ತೇವೆಂಬ ಭ್ರಮೆ ಬೇಡ.

ನಿರುದ್ಯೋಗ ವಿಮೆಯಾದ ಎ-ಕಸ್ಸಾಗೆ ನಾವೇ ಸದಸ್ಯರಾಗಬೇಕು. ಪೂರ್ಣ ಭತ್ಯೆಗೆ ಕನಿಷ್ಠ 12 ತಿಂಗಳ ಸದಸ್ಯತ್ವ ಬೇಕು. ತಿಂಗಳ ಶುಲ್ಕ ಇಬ್ಬರ ಫೀಕಾ ಖರ್ಚಿನ ಆಸುಪಾಸು. ಊರಿಗೆ ಕಳಿಸುವ ಹಣ, ಎಸ್‌ಐಪಿ ಎಲ್ಲ ಲೆಕ್ಕ ಹಾಕುವವರು ಕೆಲಸಕ್ಕೆ ಸೇರಿದ ತಿಂಗಳೇ ಇದನ್ನೂ ಸೇರಿಸಿಕೊಳ್ಳಿ.