ಸಾಕು ಗೋಸುಂಬೆ: ಆರೈಕೆ ಮತ್ತು ಕಾಯಿಲೆಗಳು

ಅಮೆರಿಕ, ಯುರೋಪುಗಳಲ್ಲಿ ಮನೆಯೊಳಗೆ ಸಾಕುವ ಗೋಸುಂಬೆಗಳಲ್ಲಿ ಎರಡು ಜಾತಿಗಳು ಮುಖ್ಯ. ಯೆಮೆನ್ ಮತ್ತು ನೈಋತ್ಯ ಸೌದಿ ಅರೇಬಿಯಾ ಮೂಲದ ವೇಯ್ಲ್ಡ್ ಕೆಮೀಲಿಯನ್ ಒಂದು. ತಲೆಯ ಮೇಲಿನ ಎತ್ತರದ ಜುಟ್ಟು ಇದರ ಗುರುತು. ಮಡಗಾಸ್ಕರ್ ದ್ವೀಪದ ಬಣ್ಣಬಣ್ಣದ ಪ್ಯಾಂಥರ್ ಕೆಮೀಲಿಯನ್ ಇನ್ನೊಂದು. ಸರಿಯಾಗಿ ನೋಡಿಕೊಂಡರೆ ವೇಯ್ಲ್ಡ್ ಜಾತಿಯ ಗಂಡು ಐದರಿಂದ ಎಂಟು ವರ್ಷ ಬದುಕುತ್ತದೆ. ಹೆಣ್ಣಿನ ಆಯುಸ್ಸು ಅದಕ್ಕಿಂತ ಕಡಿಮೆ. ಸಾಕಿದ ಗೋಸುಂಬೆಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಹೊರಗಿನಿಂದ ಅಂಟಿಕೊಂಡವಲ್ಲ. ಬೆಳಕು, ಶಾಖ, ನೀರು, ಆಹಾರ ಈ ನಾಲ್ಕರಲ್ಲಿ ಒಂದು ಹದ ತಪ್ಪಿದಾಗ ಅವು ಹುಟ್ಟುತ್ತವೆ.

ಭಾರತದಲ್ಲಿ ಕಾನೂನಿನ ಮಾತು ಮೊದಲು ಬರುತ್ತದೆ. ಕರ್ನಾಟಕದ ಕುರುಚಲು ಕಾಡುಗಳಲ್ಲೂ ಕಾಣಸಿಗುವ ಭಾರತೀಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಮೇಲೆ ಹೇಳಿದ ಎರಡೂ ವಿದೇಶಿ ಜಾತಿಗಳು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿವೆ. ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ.

ಗೋಸುಂಬೆ ಮರದ ಮೇಲೆ ಒಂಟಿಯಾಗಿ ಬಾಳುವ ಜೀವಿ. ಹಾಗಾಗಿ ಗೂಡಿನ ಅಗಲಕ್ಕಿಂತ ಎತ್ತರಕ್ಕೆ ಹೆಚ್ಚು ಬೆಲೆ. ಬೆಳೆದ ಗಂಡಿಗೆ ಅರುವತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ನೂರಿಪ್ಪತ್ತು ಸೆಂಟಿಮೀಟರ್ ಎತ್ತರದ ಜಾಲರಿ ಗೂಡು ಬೇಕು. ಒಳಗೆ ಅಡ್ಡಡ್ಡ ಕೊಂಬೆಗಳೂ ಮರೆಯಾಗಿ ಕೂರಲು ದಟ್ಟ ಎಲೆಗಳ ಗಿಡಗಳೂ ಇರಬೇಕು. ಒಂದು ಗೂಡಿಗೆ ಒಂದೇ ಗೋಸುಂಬೆ. ಎರಡನ್ನು ಕೂಡಿಹಾಕಿದರೆ, ಕಚ್ಚಾಡದೆ ಇದ್ದರೂ, ದುರ್ಬಲವಾದದ್ದು ಸದಾ ಅಂಜಿಕೆಯಲ್ಲೇ ಇದ್ದು ಮೇವು ಬಿಡುತ್ತದೆ. ಗಾಜಿನಲ್ಲಿ ಕಾಣುವ ತನ್ನದೇ ಬಿಂಬವೂ ಅದಕ್ಕೆ ಎದುರಾಳಿಯೇ.

ಗೂಡಿನ ಮೇಲ್ಭಾಗದಲ್ಲಿ ಎರಡು ಬಗೆಯ ದೀಪಗಳಿರುತ್ತವೆ. ಒಂದು ಶಾಖಕ್ಕೆ: ಅದರ ಕೆಳಗಿನ ಕೊಂಬೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದು, ಗೂಡಿನ ಉಳಿದ ಭಾಗ ತಂಪಾಗಿರಬೇಕು. ದೀಪ ತೀರಾ ಹತ್ತಿರವಿದ್ದರೆ ಜುಟ್ಟು, ಬೆನ್ನು ಸುಡುತ್ತವೆ. ಇನ್ನೊಂದು ದೀಪ ಯುವಿಬಿ ಎಂಬ ನೇರಳಾತೀತ ಕಿರಣಗಳದ್ದು. ಈ ಕಿರಣ ಬಿದ್ದಾಗಲೇ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುವುದು. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದು. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ ಗಾಜಿನಾಚೆಯ ಬಿಸಿಲನ್ನು ನಂಬುವಂತಿಲ್ಲ. ದೀಪ ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಯುವಿಬಿ ಕುಗ್ಗುತ್ತದೆ. ಆದ್ದರಿಂದ ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸುತ್ತಾರೆ. ಹನ್ನೆರಡು ಗಂಟೆ ಬೆಳಕಾದರೆ ಇನ್ನು ಹನ್ನೆರಡು ಗಂಟೆ ಪೂರ್ತಿ ಕತ್ತಲೆ. ರಾತ್ರಿ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಒಳ್ಳೆಯದೇ.

ಬಟ್ಟಲಲ್ಲಿಟ್ಟ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗಮನಿಸುವುದಿಲ್ಲ. ಎಲೆಯ ಮೇಲೆ ಅಲುಗಾಡುವ, ಹೊಳೆಯುವ ಹನಿಯನ್ನು ನೆಕ್ಕಿ ಕುಡಿಯುವುದು ಅದರ ರೀತಿ. ಅದಕ್ಕಾಗಿ ಬೆಳಿಗ್ಗೆ, ಸಂಜೆ ಎಲೆಗಳಿಗೆ ನೀರು ಸಿಂಪಡಿಸಿ, ಹಗಲು ಮೇಲಿನಿಂದ ಹನಿ ತೊಟ್ಟಿಕ್ಕುವಂತೆ ಮಾಡಬೇಕು. ಮೈಗೆ ನೀರು ಸಾಲುತ್ತಿದೆಯೇ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. ಕಂದು ಮಲದ ಜೊತೆ ಬರುವ ಗಟ್ಟಿ ಭಾಗ ಯೂರಿಕ್ ಆಮ್ಲದ ಲವಣ, ಅಂದರೆ ಯೂರೇಟ್. ಅದು ಬೆಳ್ಳಗಿದ್ದರೆ ಚಿಂತೆಯಿಲ್ಲ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಣ್ಣುಗಳೂ ಗುಳಿ ಬಿದ್ದಿದ್ದರೆ ನೀರು ಸಾಲುತ್ತಿಲ್ಲ. ಈ ಕೊರತೆ ಬಹುಕಾಲ ಮುಂದುವರಿದರೆ ಮೂತ್ರಪಿಂಡ ಸೋಲುತ್ತದೆ. ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳುಗಟ್ಟಿ ಗೌಟ್ ಬಾವು ಕಾಣಿಸಿಕೊಳ್ಳುತ್ತದೆ.

ಆಹಾರವೆಂದರೆ ಜೀವಂತ ಕೀಟಗಳು: ಸಾಕಿದ ಮಿಡತೆ, ಚಿಮ್ಮಂಡೆ, ಡುಬಿಯಾ ಜಿರಲೆ, ರೇಷ್ಮೆಹುಳು. ಮರಿಗಳಿಗೆ ದಿನವೂ, ಬೆಳೆದವಕ್ಕೆ ದಿನ ಬಿಟ್ಟು ದಿನ ನಾಲ್ಕೈದು ಕೀಟ ಸಾಕು. ಹೊಲ, ತೋಟದಲ್ಲಿ ಹಿಡಿದ ಹುಳದ ಮೈಮೇಲೆ ಕೀಟನಾಶಕ ಇರಬಹುದಾದ್ದರಿಂದ ಅದನ್ನು ಹಾಕುವುದಿಲ್ಲ. ಚಿಮ್ಮಂಡೆಯಂಥ ಹುಳಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಈ ಕೊರತೆ ತುಂಬಲು ಹುಳಗಳಿಗೆ ಒಂದು ದಿನ ಮೊದಲೇ ಸೊಪ್ಪು, ಗಜ್ಜರಿ ತಿನ್ನಿಸಿ, ಬಳಿಕ ಡಬ್ಬಿಯಲ್ಲಿ ಚಿಟಿಕೆ ಕ್ಯಾಲ್ಸಿಯಂ ಪುಡಿಯೊಂದಿಗೆ ಹಾಕಿ ಮೈ ಬೆಳ್ಳಗಾಗುವಂತೆ ಅಲ್ಲಾಡಿಸಿ ಗೂಡಿಗೆ ಬಿಡುತ್ತಾರೆ. ಡಿ3 ಬೆರೆತ ಪುಡಿ, ಜೀವಸತ್ವಗಳ ಮಿಶ್ರಣ ತಿಂಗಳಿಗೆ ಒಂದೆರಡು ಸಲವಷ್ಟೇ. ಅತಿಯಾದರೆ ಕತ್ತಿನ ಸುತ್ತ ನೀರು ತುಂಬಿ ಊದಿಕೊಳ್ಳಬಹುದು.

ಸಾಕಿದ ಗೋಸುಂಬೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂಳೆ ಮೆದುವಾಗುವ ಕಾಯಿಲೆ. ಯುವಿಬಿ ಇಲ್ಲವೇ ಕ್ಯಾಲ್ಸಿಯಂ ಸಾಲದಾದಾಗ ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟ ಉಳಿಸಿಕೊಳ್ಳಲು ದೇಹವು ಮೂಳೆಯಿಂದಲೇ ಅದನ್ನು ತೆಗೆಯುತ್ತದೆ. ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ಸಡಿಲವಾಗುತ್ತದೆ. ಸ್ನಾಯು ಕೆಲಸಕ್ಕೂ ಕ್ಯಾಲ್ಸಿಯಂ ಬೇಕಾದ್ದರಿಂದ ನಾಲಿಗೆ ಗುರಿ ಮುಟ್ಟದೆ ಕೆಳಗೆ ಬೀಳುತ್ತದೆ. ಚಿಕಿತ್ಸೆಯಿಂದ ಕಾಯಿಲೆ ಮುಂದುವರಿಯದಂತೆ ತಡೆಯಬಹುದು, ಆದರೆ ಬಾಗಿದ ಮೂಳೆ ಮೊದಲಿನಂತೆ ನೇರವಾಗದು.

ಗಾಳಿಯಾಡದ, ಸದಾ ತೇವದ ಗೂಡಿನಲ್ಲಿ ಶ್ವಾಸಕೋಶದ ಸೋಂಕು ಹೆಚ್ಚು. ಶಾಖದ ದೀಪದಡಿ ಬಾಯಿ ತೆರೆದು ಕೂರುವುದು ಮೈ ತಣಿಸಿಕೊಳ್ಳುವ ಉಪಾಯ. ತಂಪಿನ ಹೊತ್ತಿನಲ್ಲೂ ತಲೆ ಮೇಲೆತ್ತಿ ಬಾಯಿ ಕಳೆದು ಉಸಿರಾಡುತ್ತಿದ್ದರೆ, ಉಸಿರಿನಲ್ಲಿ ಚಿಟ್‌ಚಿಟ್ ಸದ್ದು ಬಂದರೆ, ಬಾಯಲ್ಲಿ ಲೋಳೆ ಕಂಡರೆ ಸೋಂಕಿನ ಲಕ್ಷಣ. ಎ ಜೀವಸತ್ವದ ಕೊರತೆಯಲ್ಲಿ ಕಣ್ಣುರೆಪ್ಪೆ ಊದಿ ಅಂಟಿಕೊಳ್ಳುತ್ತದೆ, ಪೊರೆ ಸರಿಯಾಗಿ ಕಳಚುವುದಿಲ್ಲ. ದವಡೆಯಂಚಿನಲ್ಲಿ ಕೀವುಗಟ್ಟುವ ಬಾಯಿಹುಣ್ಣು, ಕರುಳಿನ ಜಂತುಹುಳು ಕೂಡ ಸಾಮಾನ್ಯ.

ಹೆಣ್ಣಿನದು ಬೇರೆಯೇ ತೊಂದರೆ. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆ ಕಟ್ಟುತ್ತದೆ. ವೇಯ್ಲ್ಡ್ ಜಾತಿಯಲ್ಲಿ ಒಂದು ಸಲಕ್ಕೆ ಹತ್ತಾರು ಮೊಟ್ಟೆ. ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಎರವಾಗುತ್ತದೆ. ಬೆಳೆದ ಹೆಣ್ಣಿನ ಗೂಡಿನಲ್ಲಿ ಒಂದು ಅಡಿ ಆಳದ ತೊಟ್ಟಿಯಲ್ಲಿ ಒದ್ದೆ ಮರಳು ಸದಾ ಇರಬೇಕು. ಬೆರಳಿನಿಂದ ಕೊರೆದ ಬಿಲ ಕುಸಿಯದೆ ನಿಂತರೆ ತೇವ ಸರಿಯಾಗಿದೆ. ಹೆಣ್ಣಿಗೆ ಶಾಖವನ್ನೂ ಮೇವನ್ನೂ ಸ್ವಲ್ಪ ತಗ್ಗಿಸಿದರೆ ಮೊಟ್ಟೆಗಳ ಸಂಖ್ಯೆ ಕಡಿಮೆಯಾಗುತ್ತದೆ.

ಕಾಡಿನಲ್ಲಿ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಗೋಸುಂಬೆ ನೋವನ್ನು ಕಡೆಯವರೆಗೂ ತೋರಿಸಿಕೊಳ್ಳುವುದಿಲ್ಲ. ಹಗಲಲ್ಲಿ ಕಣ್ಣು ಮುಚ್ಚುವುದು, ದಿನವಿಡೀ ಕಪ್ಪಿಟ್ಟ ಮೈ, ಗೂಡಿನ ತಳದಲ್ಲಿ ಕೂರುವುದು, ಮೇವು ಬಿಡುವುದು ಕಂಡಾಗ ಕಾಯಿಲೆ ಬಲಿತಿರುತ್ತದೆ. ಬಣ್ಣ ಬದಲಾಗುವುದು ಚರ್ಮದ ಜೀವಕೋಶಗಳಲ್ಲಿನ ಗ್ವಾನಿನ್ ಹರಳುಗಳ ನಡುವಿನ ಅಂತರ ಬದಲಾಗುವುದರಿಂದ ಎಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಕೆಮೀಲಿಯನ್‌ನಲ್ಲಿ ತೋರಿಸಿದರು. ಸಾಕುವವರಿಗೆ ಆ ಬಣ್ಣ ಸುತ್ತಲಿನ ಹಿನ್ನೆಲೆಗಿಂತ ಹೆಚ್ಚಾಗಿ ಪ್ರಾಣಿಯ ಸ್ಥಿತಿಯನ್ನು ಸೂಚಿಸುತ್ತದೆ.

ತೂಕವನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಕಣ್ಣಿಗೆ ಕಾಣುವ ಮೊದಲೇ ಇಳಿತ ತಿಳಿಯುತ್ತದೆ. ಸರೀಸೃಪಗಳ ಅನುಭವವಿರುವ ಪಶುವೈದ್ಯರ ಬಳಿಗೆ ಹೋಗುವಾಗ ತಾಜಾ ಹಿಕ್ಕೆ, ಗೂಡಿನ ಫೋಟೊ, ದೀಪ ಮತ್ತು ಪುಡಿಗಳ ವಿವರ ಜೊತೆಗಿರಬೇಕು. ಗೂಡಿನ ಲೋಪ ತಿದ್ದದೆ ಕೊಟ್ಟ ಔಷಧಿಯ ಗುಣ ಹೆಚ್ಚು ದಿನ ನಿಲ್ಲುವುದಿಲ್ಲ.